ಎರಡು ಹಣ್ಣುಗಳ ಬೆಲೆ: ಮಹಾವೀರಾಚಾರ್ಯರ ಲೆಕ್ಕ

9 ಮಾದಲ ಹಣ್ಣು, 7 ಬೇಲದ ಹಣ್ಣುಗಳ ಒಟ್ಟು ಬೆಲೆ 107. ಮಾದಲ 7, ಬೇಲ 9 ಆದರೆ 101. ಹಾಗಾದರೆ ಒಂದೊಂದರ ಬೆಲೆ ಎಷ್ಟು?

ಹೈಸ್ಕೂಲು ಮಕ್ಕಳು ಎಕ್ಸ್, ವೈ ಎಂದು ಬರೆದುಕೊಂಡು ಬಿಡಿಸುವ ಈ ಲೆಕ್ಕ ಇಂದು ನಿನ್ನೆಯದಲ್ಲ. ಕ್ರಿ.ಶ. 850ರ ಸುಮಾರಿಗೆ ಜೈನ ಗಣಿತಜ್ಞ ಮಹಾವೀರಾಚಾರ್ಯರು ರಚಿಸಿದ 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥದಲ್ಲಿ ಇದು ಬರುತ್ತದೆ. ಆಗ ಆಳುತ್ತಿದ್ದವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ. ಕನ್ನಡದ 'ಕವಿರಾಜಮಾರ್ಗ' ಹುಟ್ಟಿದ್ದೂ ಅವನ ಆಳ್ವಿಕೆಯಲ್ಲೇ.

ಇಲ್ಲಿ ಎರಡು ಹೇಳಿಕೆಗಳು ಏಕೆ ಬೇಕು? ಮೊದಲನೆಯದನ್ನಷ್ಟೇ ಹಿಡಿದರೆ ಮಾದಲಕ್ಕೆ 8, ಬೇಲಕ್ಕೆ 5 ಎನ್ನಬಹುದು. ಮಾದಲಕ್ಕೆ 1, ಬೇಲಕ್ಕೆ 14 ಎಂದರೂ ತಾಳೆಯಾಗುತ್ತದೆ. ಆದರೆ ಎರಡನೆಯ ಹೇಳಿಕೆಗೆ ಹಚ್ಚಿ ನೋಡಿದರೆ 1, 14ರ ಜೋಡಿ 101ರ ಬದಲು 133 ಕೊಡುತ್ತದೆ. ಗೊತ್ತಿಲ್ಲದ ಸಂಗತಿಗಳು ಎರಡಿದ್ದರೆ, ಉತ್ತರ ಒಂದೇ ಆಗಲು ಎರಡು ಬೇರೆ ಬೇರೆ ನಿಬಂಧನೆಗಳು ಬೇಕು.

ಆಚಾರ್ಯರು ಕೊಟ್ಟ ಸೂತ್ರ ಸರಳವಾಗಿದೆ. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ, ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಬೇಕು. 107ನ್ನು 9ರಿಂದ ಗುಣಿಸಿದರೆ 963. 101ನ್ನು 7ರಿಂದ ಗುಣಿಸಿದರೆ 707. ವ್ಯತ್ಯಾಸ 256. ಇದನ್ನು 9 ಮತ್ತು 7ರ ವರ್ಗಗಳ ವ್ಯತ್ಯಾಸವಾದ 32ರಿಂದ ಭಾಗಿಸಿದರೆ ಮಾದಲದ ಬೆಲೆ 8. ಗುಣಕಗಳನ್ನು ಅದಲುಬದಲು ಮಾಡಿದರೆ 909ರಲ್ಲಿ 749 ಕಳೆದು 160. ಅದನ್ನೂ 32ರಿಂದ ಭಾಗಿಸಿದರೆ ಬೇಲದ ಬೆಲೆ 5.

ಇದರ ಗುಟ್ಟೇನು? ಹಾಗೆ ಗುಣಿಸಿದಾಗ ಒಂದು ಕಡೆ 81 ಮಾದಲ, 63 ಬೇಲ. ಇನ್ನೊಂದು ಕಡೆ 49 ಮಾದಲ, 63 ಬೇಲ. ಕಳೆದಾಗ ಬೇಲ ಪೂರ್ತಿ ಹೊರಟುಹೋಗಿ 32 ಮಾದಲದ ಬೆಲೆಯಷ್ಟೇ ಉಳಿಯುತ್ತದೆ. ಎರಡು ಅವ್ಯಕ್ತಗಳಲ್ಲಿ ಒಂದನ್ನು ತೊಲಗಿಸುವ ಈ ಉಪಾಯವನ್ನೇ ಇಂದಿನ ಪಠ್ಯಪುಸ್ತಕಗಳೂ ಕಲಿಸುತ್ತವೆ. ಸಂಖ್ಯೆಗಳು ಹೀಗೆ ಅದಲುಬದಲಾಗಿರದಿದ್ದರೆ ಸೂತ್ರ ಬದಲಾಗುತ್ತದೆ, ಉಪಾಯ ಬದಲಾಗುವುದಿಲ್ಲ.

ಅಂದು ಎಕ್ಸ್, ವೈಗಳಂಥ ಚಿಹ್ನೆಗಳಿಲ್ಲದೆ ಸೂತ್ರವನ್ನೂ ಲೆಕ್ಕವನ್ನೂ ಶ್ಲೋಕದಲ್ಲೇ ಹೇಳಲಾಗಿತ್ತು. ಬಾಯಿಪಾಠಕ್ಕೆ ಅದು ಅನುಕೂಲ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಗ್ರಂಥವನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ' ಬರೆದು ಗಣಿತವನ್ನು ಕನ್ನಡದಲ್ಲೇ ಹೇಳಿದ. ಮಹಾವೀರಾಚಾರ್ಯರ ಮೂಲಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ್ದು 1912ರಲ್ಲಿ. ಅಲ್ಲಿಯವರೆಗೆ ಸಾವಿರ ವರ್ಷಕ್ಕೂ ಮಿಕ್ಕಿ ಅದನ್ನು ಕಾಪಾಡಿದ್ದು ಹಸ್ತಪ್ರತಿಗಳನ್ನು ನಕಲು ಮಾಡುತ್ತ ಬಂದವರ ಶ್ರಮ.