ಬೆಟ್ಟದ ಕಾಡಿಗೆ ಬೇಟೆಯ ಪಯಣ: ಅಂದು ಪರವಾನಗಿ, ಇಂದು ಪ್ರವೇಶ ಚೀಟಿ

ಅಮೆರಿಕದ ಕೊಲರಾಡೋ, ಮೊಂಟಾನಾ ರಾಜ್ಯಗಳಲ್ಲಿ ಹಿಮಶಿಖರಗಳ ನಡುವಿನ ಸರ್ಕಾರಿ ಭೂಮಿಯಲ್ಲಿ ಬೇಟೆಯಾಡುವುದು ಕಾನೂನುಬದ್ಧ ಹವ್ಯಾಸ. ಎಲ್ಕ್ ಜಾತಿಯ ಜಿಂಕೆಗೆ ರಾಜ್ಯದ ವನ್ಯಜೀವಿ ಇಲಾಖೆ ಪರವಾನಗಿ ನೀಡುತ್ತದೆ. ಬೇಡಿಕೆ ಹೆಚ್ಚಿರುವ ವಲಯಗಳಲ್ಲಿ ಚೀಟಿ ಎತ್ತಲಾಗುತ್ತದೆ. ಬೇಟೆಗಾರನು ತಿಂಗಳುಗಳ ಮೊದಲೇ ಅರ್ಜಿ ಹಾಕಿ, ನಕ್ಷೆ ಓದಿ, ಮಾಂಸವನ್ನು ಬೆನ್ನ ಮೇಲೆ ಹೊತ್ತು ಇಳಿಯುವ ಸಿದ್ಧತೆ ಮಾಡಿಕೊಳ್ಳುತ್ತಾನೆ. ಅಲ್ಲಿನ ಬದುಕು ಕಂಡು ಮರಳಿ ಅಮೃತಹಳ್ಳಿ, ಸಹಕಾರನಗರ, ಹೆಬ್ಬಾಳದ ಕಡೆ ನೆಲೆಸಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ನಮ್ಮ ಸಹ್ಯಾದ್ರಿಯ ಕಾಡೂ ಸರ್ಕಾರಿ ಭೂಮಿಯೇ ಅಲ್ಲವೇ?

ಹೌದು, ಆದರೆ ಅದು ಸರ್ವರಿಗೂ ತೆರೆದ ಭೂಮಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ವಿಧಿ ಬೇಟೆಯನ್ನು ನಿಷೇಧಿಸುತ್ತದೆ. 2022ರ ತಿದ್ದುಪಡಿಯ ನಂತರ ಈ ನಿಷೇಧ ಒಂದು ಮತ್ತು ಎರಡನೆಯ ಅನುಸೂಚಿಗಳ ಎಲ್ಲ ಪ್ರಾಣಿಗಳಿಗೂ ಅನ್ವಯಿಸುತ್ತದೆ. ಬಹುಮಂದಿ 'ಯಾರದೂ ಅಲ್ಲದ್ದು' ಎಂದು ಭಾವಿಸುವ ಕಾಡುಹಂದಿಯೂ ಎರಡನೆಯ ಅನುಸೂಚಿಯಲ್ಲಿದೆ. ಕೊಲ್ಲುವುದಷ್ಟೇ ಬೇಟೆಯಲ್ಲ. ಉರುಳು ಹಾಕುವುದು, ವಿಷವಿಡುವುದು, ಅಟ್ಟಿಸಿಕೊಂಡು ಹೋಗುವುದು, ಹಕ್ಕಿಯ ಮೊಟ್ಟೆ ಕದಿಯುವುದು, ಇವುಗಳಿಗೆ ಯತ್ನಿಸುವುದು ಸಹ ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೇ. ಅಮೃತಹಳ್ಳಿಯ ಪಕ್ಕದ ಜಕ್ಕೂರು ಕೆರೆಯ ಹಕ್ಕಿಗೂಡಿಗೆ ಕೈಹಾಕುವವನಿಗೂ ಈ ಮಾತು ಸಲ್ಲುತ್ತದೆ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆಯಾಡಿದರೆ ಕನಿಷ್ಠ 3, ಗರಿಷ್ಠ 7 ವರ್ಷಗಳ ಸೆರೆವಾಸ ಮತ್ತು ದಂಡ. ಬೆಳೆಗೆ ಅಥವಾ ಜೀವಕ್ಕೆ ಅಪಾಯವಾದಾಗ ವನ್ಯಜೀವಿ ವಾರ್ಡನ್ ಲಿಖಿತ ಅನುಮತಿ ನೀಡಬಹುದು. ಆಗಲೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಊಟದ ಎಲೆಗೆ ಬರುವಂತಿಲ್ಲ.

ಮೊದಲು ಹೀಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಬೇಟೆಗೆ ನಿಯಮಗಳಿದ್ದವೇ ಹೊರತು ಸಾರಾಸಗಟು ನಿಷೇಧವಿರಲಿಲ್ಲ. ನೆರೆಯ ನೀಲಗಿರಿಯಲ್ಲಿ 1877ರಲ್ಲಿಯೇ ಬೇಟೆಗಾರರ ಸಂಘ ಹುಟ್ಟಿತು. 1879ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಗೆ ಮದ್ರಾಸು ಸರ್ಕಾರ ಕಾಯ್ದೆ ತಂದಿತು. ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ಆ ಎತ್ತರದಲ್ಲಿ ವರೆಯಾಡುಗಳ ಸಂಖ್ಯೆ ಕುಸಿಯುವುದನ್ನು ಕಣ್ಣಾರೆ ಕಂಡವರು ಬೇಟೆಗಾರರೇ ಆಗಿದ್ದರೆಂಬುದು ಗಮನಾರ್ಹ. ಹುಲಿಬೇಟೆ ದೇಶದಾದ್ಯಂತ ನಿಂತದ್ದು 1970ರಲ್ಲಿ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಕೊಡಗಿನ ವಿಷಯದಲ್ಲಿ ಗೊಂದಲ ಹೆಚ್ಚು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿಯುಂಟು. ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿದೆ. ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಈ ವಿನಾಯಿತಿ ಆಯುಧ ಕಾಯ್ದೆಯಿಂದ ಮಾತ್ರ, ವನ್ಯಜೀವಿ ಕಾಯ್ದೆಯಿಂದಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ ಕಾಡಿಗೆ ನುಗ್ಗುತ್ತಿದ್ದ ಕಾಲ ಹೋಗಿ, ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಗುರಿ ತಪ್ಪಿದವರ ಗೇಲಿಗೆ ಮಾತ್ರ ಕೊರತೆಯಾಗಿಲ್ಲ.

ಹಾಗಾದರೆ ಬೆಟ್ಟದ ಹಂಬಲವುಳ್ಳವನಿಗೆ ಉಳಿದಿರುವುದು ಬರಿಗೈಯ ಚಾರಣ. ಬೇಟೆಗಾರನ ಸಿದ್ಧತೆಯ ಬಹುಪಾಲು ಅಲ್ಲಿಯೂ ಬೇಕು. ಉದಾಹರಣೆಗೆ 1,712 ಮೀಟರ್ ಎತ್ತರದ ಕುಮಾರಪರ್ವತ. ಅದು ಪುಷ್ಪಗಿರಿ ಅಭಯಾರಣ್ಯಕ್ಕೆ ಸೇರಿದ್ದು, ಪ್ರವೇಶಕ್ಕೆ ಅನುಮತಿ ಕಡ್ಡಾಯ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಮ್ಮೆಗೇ ನೆರೆದು ದಾರಿಯೇ ಕಟ್ಟಿಹೋದಾಗ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಆನ್‌ಲೈನ್ ವ್ಯವಸ್ಥೆಯ ಮೂಲಕ ದಿನದ ಸಂಖ್ಯೆಗೆ ಮಿತಿ ವಿಧಿಸಿತು. ಮೊದಲು ಚೀಟಿ, ಆಮೇಲೆ ಬಸ್ಸಿನ ಆಸನ. ಈ ಕ್ರಮ ತಿರುಗುಮುರುಗಾದರೆ ಕುಕ್ಕೆಯಲ್ಲಿ ದೇವರ ದರ್ಶನ ಮಾಡಿ ಹಿಂದಿರುಗಬೇಕಾದೀತು.

ಕಾಲದ ಆಯ್ಕೆಯೇ ಮುಖ್ಯ. ಮುಂಗಾರಿನಲ್ಲಿ ಜಾರುಬಂಡೆ, ಜಿಗಣೆ, ಮಂಜು; ಅಕ್ಟೋಬರ್‌ನಿಂದ ಜನವರಿವರೆಗೆ ಹಿತ. ಬೇಸಿಗೆಯಲ್ಲಿ ಒಣಹುಲ್ಲು ಕಿಡಿಗೆ ಕಾಯುತ್ತಿರುತ್ತದೆ. ಕಾಳ್ಗಿಚ್ಚಿನ ಭಯದಿಂದ ದಾರಿಗಳನ್ನು ಮುಚ್ಚುವುದು ವಾಡಿಕೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಇಂಥ ಹುಲ್ಲಿಗೆ ಹತ್ತಿದ ಬೆಂಕಿ 20ಕ್ಕೂ ಹೆಚ್ಚು ಚಾರಣಿಗರನ್ನು ಬಲಿ ತೆಗೆದುಕೊಂಡಿತು. ಅಭಯಾರಣ್ಯದಲ್ಲಿ ಬೆಂಕಿ ಹಾಕುವುದಾಗಲಿ, ಆಯುಧ ಒಯ್ಯುವುದಾಗಲಿ ಅಪರಾಧ. ಆದ್ದರಿಂದ ಸಿದ್ಧ ಆಹಾರವೇ ಲೇಸು. ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ.

ಮಲೆನಾಡಿನಲ್ಲಿ ಮತ್ತೊಂದು ಎಚ್ಚರವೂ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಮಳೆಗಾಲ ಮುಗಿದ ಒಣದಿನಗಳಲ್ಲಿ, ಅಂದರೆ ಚಾರಣಕ್ಕೆ ಹಿತವಾದ ದಿನಗಳಲ್ಲಿಯೇ, ಅದರ ಹಾವಳಿ. ತುಂಬುತೋಳಿನ ಅಂಗಿ ಧರಿಸಿ, ಉಣ್ಣೆ ನಿವಾರಕ ತೈಲ ಲೇಪಿಸಿಕೊಳ್ಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಚಾರಣದಿಂದ ಮರಳಿದ ಒಂದೆರಡು ವಾರಗಳೊಳಗೆ ತೀವ್ರ ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು. ನಗರದ ವೈದ್ಯರಿಗೆ ಈ ಕಾಯಿಲೆ ತಟ್ಟನೆ ನೆನಪಾಗದಿರಬಹುದು.