ಸೂರು ಕಳೆದುಕೊಂಡವರ ಸಭೆ

ಬಾಸೆಲ್ ಮಿಷನ್ನಿನ ಚರಿತ್ರೆ ಬರೆಯುವಾಗ ನಾವು ಮೊದಲು ಹಿಡಿದುಕೊಳ್ಳುವುದು ಕಿಟೆಲ್ ನಿಘಂಟನ್ನು, 'ಮಂಗಳೂರ ಸಮಾಚಾರ' ಪತ್ರಿಕೆಯನ್ನು, ಬಲ್ಮಠದ ಅಚ್ಚುಕೂಟವನ್ನು. ಹೆಮ್ಮೆಪಡಬೇಕಾದ್ದೇ. ಆದರೆ ಮಿಷನ್ ಮಂಗಳೂರಿನಲ್ಲಿ ಕಟ್ಟಿದ ಮೊದಲ ಕ್ರೈಸ್ತ ಸಭೆಗಳನ್ನು ದಿನವೂ ಕಾಡುತ್ತಿದ್ದದ್ದು ಬೇರೆ ಚಿಂತೆ: ದೀಕ್ಷಾಸ್ನಾನದ ಮರುದಿನ ಈ ಮನುಷ್ಯ ಎಲ್ಲಿ ಮಲಗಬೇಕು, ಏನು ಉಣ್ಣಬೇಕು?

1834ರಲ್ಲಿ ಮಿಷನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಮುಂದಿನ ದಶಕಗಳಲ್ಲಿ ಇಲ್ಲಿಯ ಸಭೆಗಳಿಗೆ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು. ಮೂರ್ತೆ ಅವರ ಕುಲಕಸುಬು. ಕಳ್ಳು ಇಳಿಸುವುದು ಕ್ರೈಸ್ತನಿಗೆ ಸಲ್ಲದೆಂದು ಮಿಷನರಿಗಳು ಅದನ್ನು ಬಿಡಿಸಿದರು. ಹೊಟ್ಟೆಪಾಡು ಅಲ್ಲಿಗೇ ಕಡಿಯಿತು. ಗೇಣಿ ಒಕ್ಕಲಾಗಿದ್ದವನು ಭೂತದ ಸೇವೆಗೆ ಬರಲೊಲ್ಲೆನೆಂದರೆ ಧಣಿ ಒಕ್ಕಲೆಬ್ಬಿಸುವ ಭಯ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆಯಿಂದ ಬಂದವನ ಪಾಡು ಇನ್ನೂ ವಿಚಿತ್ರ. ಮತ ಬದಲಿಸಿದ್ದಕ್ಕೆ ಆಸ್ತಿಯ ಹಕ್ಕು ಹೋಗಕೂಡದು ಎಂದು 1850ರ ಕಾಯಿದೆಯೇನೋ ಹೇಳಿತು. ಆದರೆ ಆ ಕಟ್ಟಿನಲ್ಲಿ ಒಬ್ಬೊಬ್ಬನೇ ಪಾಲು ಕೇಳುವಂತೆಯೇ ಇರಲಿಲ್ಲ; ಕುಟುಂಬದ ಮನೆಯಲ್ಲಿದ್ದು ಉಣ್ಣುವುದೇ ಹಕ್ಕು. ಹೊಸಿಲು ದಾಟಲು ಬಿಡದಿದ್ದರೆ ಕಾಯಿದೆಯನ್ನು ಯಾರ ಮುಂದೆ ಹಿಡಿಯುವುದು?

ಹೀಗೆ ಆ ಬಡತನಕ್ಕೆ ಸಭೆಯೂ ಒಂದು ಕಾರಣವಾಗಿತ್ತು. ಇದನ್ನು ನಮ್ಮ ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಮೆಲ್ಲಗೆ ದಾಟಿಬಿಡುತ್ತವೆ. ಕಾರಣವಾದ್ದರಿಂದಲೇ ಕಾಣಿಕೆ ಡಬ್ಬಿಯ ನಾಲ್ಕು ಕಾಸು ಕೊಟ್ಟು ಕೈತೊಳೆದುಕೊಳ್ಳಲು ಸಭೆಗೆ ಸಾಧ್ಯವಾಗಲಿಲ್ಲ.

ನೆಲೆ ತಪ್ಪಿದವರನ್ನು ಮಿಷನರಿಗಳು ಮಿಷನ್ನಿನ ಭೂಮಿಯಲ್ಲಿ ಕೂರಿಸಿ ಸಾಗುವಳಿ ಮಾಡಿಸಿ ನೋಡಿದರು. ಎಣಿಸಿದಷ್ಟು ಫಲ ಬರಲಿಲ್ಲ. 1851ರಲ್ಲಿ ನೇಯ್ಗೆ ಬಲ್ಲ ಜಾನ್ ಹಾಲರ್ ಬಂದ ಮೇಲೆ ಮಗ್ಗಗಳು ಎದ್ದು ನಿಂತವು. ಅಲ್ಲಿಯ ಖಾಕಿ ಬಣ್ಣದ ಬಟ್ಟೆ ಹೆಸರು ಮಾಡಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆ ತೆರೆದರು. ಮಣ್ಣು ಹದಮಾಡಲು ಎತ್ತುಗಳು, ಬೆರಳೆಣಿಕೆಯ ಆಳುಗಳು, ದಿನಕ್ಕೆ ಕೆಲವು ನೂರು ಹಂಚು, ಆರಂಭ ಇಷ್ಟೇ. ಹೊಳೆಯ ಬದಿಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ಹಡಗಿನಲ್ಲಿ ಹೋಗುತ್ತಿತ್ತು. ವರ್ಷವರ್ಷವೂ ಮುಳಿಹುಲ್ಲು ಹೊದೆಸಿ, ಬೆಂಕಿಗೆ ಹೆದರಿ ಬದುಕಿದ್ದ ಕರಾವಳಿಗೆ ಕೆಂಪು ಮಾಡು ಬಂತು. ಆ ಮಾಡಿಗೆ ಹಂಚು ಅಚ್ಚೊತ್ತಿದವರಲ್ಲಿ ಒಮ್ಮೆ ತಲೆಯ ಮೇಲೆ ಸೂರಿಲ್ಲದವರೂ ಇದ್ದರು. ಮುಂದೆ ಕುದ್ರೋಳಿ, ಮಲ್ಪೆ, ಮಲಬಾರಿನ ಕೊಡಕ್ಕಲ್, ಫೆರೋಕ್‌ಗಳಲ್ಲೂ ಆವೆಗಳೆದ್ದವು. ಕ್ರೈಸ್ತರಲ್ಲದವರೂ ಕೆಲಸಕ್ಕೆ ಬಂದರು.

ನನಗೆ ಕಾರ್ಖಾನೆಗಿಂತ ಅದರ ಸುತ್ತ ಬೆಳೆದ ವ್ಯವಸ್ಥೆ ದೊಡ್ಡದೆನಿಸುತ್ತದೆ. ಮಿಷನ್ ಜಾಗದಲ್ಲಿ ಮನೆ, ಮನೆ ಕಟ್ಟಲು ಸಾಲ, ಕಾಯಿಲೆ ಬಿದ್ದರೆ ಸಹಾಯನಿಧಿ, ಮಕ್ಕಳಿಗೆ ಶಾಲೆ. ಮನೆಯಿಂದ ಹೊರಬಿದ್ದವನಿಗೆ ಒಂದು ಹೊತ್ತಿನ ಗಂಜಿಗಿಂತ ವಾರದ ಸಂಬಳ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಮುಖ್ಯ ಎಂಬುದನ್ನು ಮಿಷನ್ನಿನವರು ಅರಿತಿದ್ದರು.

ಅದಕ್ಕೆ ಬೆಲೆಯೂ ಇತ್ತು. ಪ್ರಾರ್ಥನೆಯಿಂದಲೇ ಕೆಲಸ ಶುರುವಾಗಬೇಕು. ಕುಡಿತಕ್ಕೆ, ಶಿಸ್ತು ಮುರಿದದ್ದಕ್ಕೆ ಶಿಕ್ಷೆ. ಕೂಲಿ ಕೊಡುವವರು, ಜಾಗದ ಒಡೆಯರು, ಪ್ರಭುಭೋಜನಕ್ಕೆ ಸೇರಿಸುವವರು ಎಲ್ಲರೂ ಒಂದೇ ಮಿಷನ್ನಿನವರು. ಬಿಟ್ಟುಬಂದ ಧಣಿಯ ನೆರಳು ಇಲ್ಲಿಯೂ ಕೆಲವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

1914ರಲ್ಲಿ ಯುದ್ಧ ಬಂತು. ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಸೆರೆಯಲ್ಲಿಟ್ಟಿತು, ಊರಿಗೆ ಕಳಿಸಿತು. ಮಗ್ಗ, ಆವೆಗಳೆಲ್ಲ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಕೆಲಸವೇನೋ ಉಳಿಯಿತು. ಆದರೆ ಕೆಲಸಗಾರನ ಮನೆ ಸೋರಿದರೆ, ಅವನು ಹಾಸಿಗೆ ಹಿಡಿದರೆ, ಸಭೆಗೆ ಉತ್ತರ ಹೇಳಬೇಕಾದ ಹಂಗು ಹೊಸ ಯಜಮಾನರಿಗೆ ಇರಲಿಲ್ಲ. ಆ ಹೊಣೆ ಸಭಾಪಾಲಕರ, ಹಿರಿಯರ ಹೆಗಲಿಗೆ ಬಿತ್ತು. ಅವರ ಕೈಯಲ್ಲಿ ಕಾರ್ಖಾನೆ ಇರಲಿಲ್ಲ, ಭಾನುವಾರದ ಕಾಣಿಕೆಯಷ್ಟೇ ಇತ್ತು.