ನಿದ್ರೆಯ ಚರಿತ್ರೆ: ಮಂಡ್ಯ ಸೀಮೆಯಿಂದ ಕೆಲವು ವಿಚಾರಗಳು

ಅರಸರ ಹಗಲುಗಳನ್ನು ಕುರಿತು ಚರಿತ್ರಕಾರರು ಬಹಳವಾಗಿ ಬರೆದಿದ್ದಾರೆ. ಪ್ರಜೆಗಳ ರಾತ್ರಿಗಳನ್ನು ಕುರಿತು ಬರೆದವರು ವಿರಳ. ವಿದ್ಯುದ್ದೀಪವು ಬಂದುದರಿಂದ ಮನುಷ್ಯನ ನಿದ್ರೆ ಕುಗ್ಗಿತೆಂಬ ಮಾತು ಮಾತ್ರ ಎಲ್ಲೆಲ್ಲಿಯೂ ಕೇಳಿಬರುತ್ತದೆ. ಶಿವನಸಮುದ್ರವನ್ನು ಒಡಲಲ್ಲಿಟ್ಟುಕೊಂಡಿರುವ ಮಂಡ್ಯ ಜಿಲ್ಲೆಯಲ್ಲಿ ನಿಂತು ಈ ಮಾತನ್ನು ಪರೀಕ್ಷಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಮೊದಲನೆಯದಾಗಿ ಕಾಲಕ್ರಮ. ಮಳವಳ್ಳಿ ತಾಲ್ಲೂಕಿನ ಈ ಜಲಪಾತದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ, 1905ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಸುತ್ತಣ ಹಳ್ಳಿಗಳಾದರೋ ಬಹುಕಾಲ ಹರಳೆಣ್ಣೆಯ ಹಣತೆಯನ್ನೂ ಸೀಮೆಎಣ್ಣೆಯ ಬುಡ್ಡಿಯನ್ನೂ ನಂಬಿಕೊಂಡಿದ್ದವು. ಆದುದರಿಂದ 'ವಿದ್ಯುತ್ತಿನ ಯುಗ'ವು ಎಲ್ಲರಿಗೂ ಒಂದೇ ದಿನ ಉದಯಿಸಲಿಲ್ಲ.

ಎರಡನೆಯದಾಗಿ ವಿಜ್ಞಾನಿಗಳ ಸಾಕ್ಷ್ಯ. ಟಾಂಜಾನಿಯ, ನಮೀಬಿಯ ಮತ್ತು ಬೊಲಿವಿಯಗಳಲ್ಲಿ ವಿದ್ಯುತ್ತಿನ ಸೌಕರ್ಯವಿಲ್ಲದೆ ಬಾಳುವ ಮೂರು ಸಮುದಾಯಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವು, ಅವರ ನಿದ್ರೆಯು ರಾತ್ರಿಗೆ ಸರಾಸರಿ 5.7ರಿಂದ 7.1 ಗಂಟೆಗಳೆಂದು ತಿಳಿಸಿತು. ಸೂರ್ಯಾಸ್ತವಾಗಿ ಮೂರು ಗಂಟೆಗಳಿಗೂ ಮೀರಿದ ಮೇಲೆಯೇ ಅವರು ಮಲಗುತ್ತಿದ್ದರು. ಅದೇ ವರ್ಷ ಸ್ಯಾಮ್ಸನ್ ಮತ್ತು ನನ್ ಎಂಬ ವಿದ್ವಾಂಸರು, ನಿದ್ರೆಯನ್ನು ಅಳೆದು ನೋಡಿರುವ ವಾನರವರ್ಗದ ಜೀವಿಗಳಲ್ಲೆಲ್ಲ ಮನುಷ್ಯನದೇ ಅತ್ಯಲ್ಪ ನಿದ್ರೆಯೆಂದು ತೋರಿಸಿದರು. ಮರವನ್ನು ಬಿಟ್ಟು ನೆಲದ ಮೇಲೆ, ಬೆಂಕಿಯ ಬಳಿ, ಗುಂಪಿನ ನಡುವೆ ಮಲಗತೊಡಗಿದ ಜೀವಿಗೆ ಅಲ್ಪವಾದರೂ ಗಾಢವಾದ ನಿದ್ರೆಯೇ ಹಿತವಾಯಿತೆಂಬುದು ಅವರ ಊಹೆ. ಇದು ಊಹೆಯೇ ಸರಿ. ಆದರೂ ನಿದ್ರೆ ಕಡಮೆಯಾದ ದೋಷವನ್ನೆಲ್ಲ ದೀಪದ ಮೇಲೆ ಹೊರಿಸುವುದು ಸಾಧುವಲ್ಲವೆಂಬುದು ಇದರಿಂದ ವಿಶದವಾಗುತ್ತದೆ.

ಹಾಗಾದರೆ ಬದಲಾದುದೇನು? ಇಲ್ಲಿ ನಮ್ಮ ನಾಡಿನ ಕೋತಿಗಳೇ ದಾರಿ ತೋರುತ್ತವೆ. ರಹಮಾನ್ ಮತ್ತು ಪಾರ್ಥಸಾರಥಿಯವರು 1969ರಲ್ಲಿಯೇ ಇವುಗಳ ಸಂಚಾರಕ್ಷೇತ್ರದೊಡನೆ ಇರುಳುದಾಣಗಳನ್ನೂ ಕುರಿತು ಬರೆದರು. ಸುತ್ತಣ ಮರಗಳನ್ನು ಮೀರಿ ಬೆಳೆದ, ಜನವಸತಿಗೆ ಸಮೀಪವಾದ ಮರಗಳನ್ನೇ ಇವು ಮಲಗಲು ಆರಿಸಿಕೊಳ್ಳುತ್ತವೆಂದು ರಾಮಕೃಷ್ಣನ್ ಮತ್ತು ಕಾಸ್ ಅವರು 2001ರಲ್ಲಿ ವಿವರಿಸಿದರು. ಚಿರತೆಯ ಭಯವೇ ಇದಕ್ಕೆ ಕಾರಣ. ಎಷ್ಟು ಹೊತ್ತು ಎಂಬುದಕ್ಕಿಂತ ಎಲ್ಲಿ, ಯಾರೊಡನೆ, ಯಾವ ಭಯದ ನಡುವೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಯನ್ನೇ ಮನುಷ್ಯನಿಗೂ ಕೇಳಬೇಕು. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪನಿಯೊಡನೆ ಕಬ್ಬು ಅರೆಯುವ ಕಾಲದ ರಾತ್ರಿಪಾಳಿಯೂ ಬಂದಿತು. ಪಂಪ್‌ಸೆಟ್ಟಿಗೆ ವಿದ್ಯುತ್ತು ನಡುರಾತ್ರಿಯಲ್ಲಿ ಬಂದರೆ ರೈತನು ಆಗಲೇ ಎದ್ದು ಗದ್ದೆಗೆ ನಡೆಯಬೇಕು. ದೀಪವು ನಿದ್ರೆಯನ್ನು ಕದಿಯಿತೆನ್ನುವುದಕ್ಕಿಂತ, ಯಾರ ನಿದ್ರೆಯನ್ನು ಯಾರ ಅನುಕೂಲಕ್ಕಾಗಿ ಮುರಿಯಲಾಯಿತೆಂದು ಕೇಳುವುದೇ ಚರಿತ್ರಕಾರನ ಕರ್ತವ್ಯವೆಂದು ನಮ್ಮ ಅಭಿಮತ.

ಈ ಕಾರ್ಯಕ್ಕೆ ಅವಧಿ ಹೆಚ್ಚಿಲ್ಲ. ಹೆದ್ದಾರಿಗಳು ಅಗಲವಾದಂತೆ ಸಾಲುಮರಗಳು ಉರುಳಿವೆ. ಒಂದು ಕಾಲದಲ್ಲಿ ಎಲ್ಲೆಲ್ಲಿಯೂ ಕಾಣುತ್ತಿದ್ದ ಈ ಕೋತಿಯು ಈಗ ಅಪಾಯದ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ಬುಡ್ಡಿದೀಪದ ರಾತ್ರಿಗಳನ್ನು ಕಂಡ ಹಿರಿಯರೂ ವಿರಳರಾಗುತ್ತಿದ್ದಾರೆ. ನಮ್ಮ ವಿದ್ಯಾರ್ಥಿಗಳು ತಂತಮ್ಮ ಊರುಗಳಲ್ಲಿ ಅಂಥವರನ್ನು ಕಂಡು, ಅವರು ಯಾವಾಗ ಮಲಗಿದರು, ಯಾರು ಎಬ್ಬಿಸಿದರು ಎಂಬುದನ್ನು ಬರೆದಿಟ್ಟರೆ, ಯಾವ ಶಾಸನವೂ ಹೇಳದ ಚರಿತ್ರೆಯೊಂದು ಉಳಿಯುವುದು.